ಗೈಬುಸಾಬನ ಅರವತ್ತೆರಡು ಕಾರ್ಡುಗಳು

ಟಿಕೋಟಾದ ಗೈಬುಸಾಬನಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದೆ ಎಂದು ಊರು ನಗುತ್ತಿದ್ದ ಕಾಲದಲ್ಲಿ ಆ ಯಂತ್ರವನ್ನು ಕಣ್ಣಾರೆ ಕಂಡವರು ಆ ಸೀಮೆಗೆಲ್ಲ ಒಬ್ಬರೋ ಇಬ್ಬರೋ. ಮಿಕ್ಕವರಿಗೆ ಅದು ಕಬ್ಬಿಣದ್ದೋ ಕಟ್ಟಿಗೆಯದೋ ಗೊತ್ತಿರಲಿಲ್ಲ. ಆದರೂ ನಕ್ಕರು. ನಗುವುದಕ್ಕೇನು, ಬಾಯಿ ಒಂದಿದ್ದರೆ ಸಾಕಲ್ಲ. ಒಬ್ಬ ಪಾರಿವಾಳ ಸಾಕುತ್ತಾನೆ, ಒಬ್ಬ ಹುಂಜ ಕಾದಿಸುತ್ತಾನೆ, ಇನ್ನೊಬ್ಬ ಹಗಲಿಡೀ ಚಹಾದಂಗಡಿಯಲ್ಲಿ ಕೂತು ಇಸ್ಪೀಟು ಒಗೆಯುತ್ತಾನೆ. ಅವರನ್ನು ಯಾರೂ ಹುಚ್ಚರೆನ್ನಲಿಲ್ಲ. ಗೈಬುಸಾಬ ಮಾತ್ರ ತನ್ನ ಬಿಡುವಿನಲ್ಲಿ, ತನ್ನ ಪಾಡಿಗೆ ತಾನು, ಎಂದೂ ಮುಟ್ಟದ ಒಂದು ಯಂತ್ರಕ್ಕೆ ಆಜ್ಞೆ ಬರೆಯುತ್ತ ಕೂತದ್ದು ಊರಿಗೆ ತಡೆಯಲಿಲ್ಲ.

ನಾಲ್ಕನೆಯ ವಯಸ್ಸಿಗೆ ಸಿಡುಬು ಬಂದು ಅವನ ಎರಡೂ ಕಣ್ಣು ಹೋದವು. ಅಪ್ಪ ಹಟ ಹಿಡಿದು ಹುಬ್ಬಳ್ಳಿ ಕಡೆಯ ಒಂದು ಅಂಧರ ಶಾಲೆಗೆ ಹಾಕಿದ. ಅಲ್ಲಿ ಎರಡು ವಿದ್ಯೆ ಕಲಿತು ಬಂದ: ಬೆರಳಿನಿಂದ ಬ್ರೈಲ್ ಚುಕ್ಕಿ ಓದುವುದು, ಬೆತ್ತದ ಕುರ್ಚಿ ಹೆಣೆಯುವುದು. ಮೊದಲನೆಯದು ಮನಸ್ಸಿಗೆ, ಎರಡನೆಯದು ಹೊಟ್ಟೆಗೆ. ಆಗಿನ್ನೂ ವಿಜಯಪುರಕ್ಕೆ ಬಿಜಾಪುರವೆಂದೇ ಹೆಸರು. ಅಲ್ಲಿಯ ಕಚೇರಿಗಳಲ್ಲಿ ಕೂತು ಕೂತು ಕುರ್ಚಿ ಹರಿಯುವವರಿಗೇನು ಬರ? ವಾರಕ್ಕೆ ಐದು ದಿನ ಅಥಣಿ ರಸ್ತೆಯ ಬಸ್ಸು ಹಿಡಿದು ಹೋಗಿ, ಯಾವುದಾದರೂ ವರಾಂಡದಲ್ಲಿ ಕೂತು, ನೆನೆಸಿದ ಬೆತ್ತದ ಎಳೆಗಳನ್ನು ಚೌಕಟ್ಟಿನ ರಂಧ್ರಗಳಲ್ಲಿ ಎಳೆದೆಳೆದು ಹೆಣೆದು ಬರುತ್ತಿದ್ದ. ಮಕ್ಕಳಾಗಲಿಲ್ಲ. ಹೆಂಡತಿ ಮದೀನಾಬಿ ಬೆತ್ತ ಸೀಳಿ, ನೆನೆಹಾಕಿ, ಕಟ್ಟು ಕಟ್ಟಿ ಕೊಡುತ್ತಿದ್ದಳು. ಅವಳಿಗೆ ಕಣ್ಣಿದ್ದವು, ಅಕ್ಷರವಿರಲಿಲ್ಲ.

ಎಪ್ಪತ್ಮೂರರ ಜೂನಿನಲ್ಲಿ ಒಂದು ಕಾಲೇಜಿನ ಕುರ್ಚಿಗಳನ್ನು ಹೆಣೆಯಲು ಹೋದ. ಅಲ್ಲಿ ಗಣಿತ ಕಲಿಸುತ್ತಿದ್ದ ಬಬಲೇಶ್ವರದ ಗೊಲ್ಲಾಳಪ್ಪ ಮಾಸ್ತರರು ಮೇ ತಿಂಗಳಿಡೀ ಪುಣೆಯ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ತರಬೇತಿ ಪಡೆದು ಆಗತಾನೆ ಬಂದಿದ್ದರು. ಬರುವಾಗ ಅಲ್ಲಿ ಒಗೆದಿದ್ದ ಹಳೆಯ ಕಾರ್ಡುಗಳನ್ನೊಂದಿಷ್ಟು ತಂದು, ಒಂದನ್ನು ಕುಂಟುವ ಮೇಜಿನ ಕಾಲಿಗೆ ಕೊಟ್ಟಿದ್ದರು. ಗೈಬುಸಾಬ ಮೇಜಿನ ಕೆಳಗೆ ಬಿದ್ದ ಮೊಳೆ ತಡಕುವಾಗ ಅದು ಕೈಗೆ ಸಿಕ್ಕಿತು.

"ಇದೇನ್ರಿ ಮಾಸ್ತರ್ರ, ಇಷ್ಟ ಸಣ್ಣ ಸಣ್ಣ ತೂತು?"

ಮಾಸ್ತರರು ಹೇಳುವುದರಲ್ಲಿ ಜಾಣರು. ಕಾರ್ಡಿಗೆ ಉದ್ದಕ್ಕೆ ಎಂಬತ್ತು ಮನೆ, ಒಂದೊಂದು ಮನೆಯಲ್ಲಿ ಮೇಲಿಂದ ಕೆಳಕ್ಕೆ ಹನ್ನೆರಡು ಸ್ಥಾನ. ಯಾವ ಸ್ಥಾನದಲ್ಲಿ ರಂಧ್ರ ಬಿದ್ದಿದೆ ಎನ್ನುವುದರ ಮೇಲೆ ಅದು ಅಂಕಿಯೋ ಅಕ್ಷರವೋ ಆಗುತ್ತದೆ. ಒಂದು ಕಾರ್ಡಿಗೆ ಒಂದು ಆಜ್ಞೆ. ಇಂಥ ಕಾರ್ಡುಗಳ ಕಟ್ಟೇ ಪ್ರೋಗ್ರಾಮು. ಯಂತ್ರಕ್ಕೆ ಉಣಿಸಿದರೆ ಅದು ಒಂದೊಂದೇ ಆಜ್ಞೆ ಪಾಲಿಸುತ್ತ ಹೋಗಿ, ಕೊನೆಗೆ ಉತ್ತರವನ್ನು ಅಚ್ಚು ಹಾಕಿ ಕೊಡುತ್ತದೆ.

"ಅಂದ್ರ ಅದಕ್ಕ ಕಣ್ಣಿಲ್ಲೇನ್ರಿ? ತೂತ ಮುಟ್ಟಿ ಓದ್ತೈತಿ?"

"ಒಂದ ಲೆಕ್ಕಕ್ಕ ಹಂಗ ಅನಬೇಕಪಾ."

"ಹಂಗಾದ್ರ ನಮ್ಮ ಪೈಕಿನ ಐತಿ ಬಿಡ್ರಿ."

ಮಾಸ್ತರರು ನಕ್ಕುಬಿಟ್ಟರು. ಗೈಬುಸಾಬ ನಗಲಿಲ್ಲ. ಮೂವತ್ತೆಂಟು ವರ್ಷ ಅವನು ಕಣ್ಣಿದ್ದವರ ಲೋಕದಲ್ಲಿ ಬಾಡಿಗೆ ಮನೆಯಲ್ಲಿದ್ದವನ ಹಾಗೆ ಬದುಕಿದ್ದ. ಈಗ ದೂರದ ಪುಣೆಯಲ್ಲಿ ಮುಟ್ಟಿ ಓದುವಂಥದ್ದು ಇನ್ನೊಂದಿದೆ ಎಂದರೆ ಹೇಗಾಗಿರಬೇಡ!

ಮುಂದಿನ ಭಾನುವಾರವೇ ಟಿಕೋಟಾದಿಂದ ಬಿಜಾಪುರ, ಅಲ್ಲಿಂದ ಬಬಲೇಶ್ವರ, ಎರಡು ಬಸ್ಸು ಬದಲಿಸಿ ಮಾಸ್ತರರ ಕಟ್ಟೆಯ ಮೇಲೆ ಹಾಜರು. ಮಾಸ್ತರರು ತರಬೇತಿಯ ಪುಸ್ತಕ ಓದಿ ಹೇಳುವುದು, ಇವನು ಬ್ರೈಲ್ ಪಾಟಿಯ ಮೇಲೆ ಚುಚ್ಚಿ ಬರೆದುಕೊಳ್ಳುವುದು. ಮೂರು ವರ್ಷ ನಡೆಯಿತು. ಮಾಸ್ತರರ ಕಾಲೇಜಿನ ಹುಡುಗರಿಗೆ ಬಾರದ್ದು ಇವನಿಗೆ ಬಂತು. ಬಂದು ಏನು ಮಾಡುವುದು? ಯಂತ್ರವೇ ಇಲ್ಲದ ಊರಿನಲ್ಲಿ ಪ್ರೋಗ್ರಾಮು ಬರೆಯುವುದೆಂದರೆ ಅಂಚೆಗೆ ಹಾಕದ ಪತ್ರ ಬರೆದ ಹಾಗೆ. ಬರೆದು ಬರೆದು ಟ್ರಂಕಿನಲ್ಲಿಟ್ಟ.

ಕೊನೆಗೊಂದು ದೊಡ್ಡದನ್ನು ಕಟ್ಟಿದ. ಕುರ್ಚಿಯ ಮುಂದಿನ ಪಟ್ಟಿಗೆ ಇಷ್ಟು ರಂಧ್ರ, ಹಿಂದಿನದಕ್ಕೆ ಇಷ್ಟು, ಮಗ್ಗುಲಿಗೆ ಇಷ್ಟು ಎಂದರೆ ಒಟ್ಟು ಎಷ್ಟು ಅಡಿ ಬೆತ್ತ ಬೇಕು? ಅವನ ಕೈ ಬಲ್ಲ ಕಸಬನ್ನೆಲ್ಲ ಅರವತ್ತೆರಡು ಆಜ್ಞೆಗಳಲ್ಲಿ ಇಳಿಸಿದ. ಆ ಕಾಲೇಜಿನ ಕುರ್ಚಿಗೆ ಇನ್ನೂರ ಹದಿನಾಲ್ಕು ಅಡಿ ಎಂದು ಅವನಿಗೆ ಮೊದಲೇ ಗೊತ್ತು.

"ಗೊತ್ತಿದ್ದದ್ದನ್ನ ಮತ್ತ ಯಂತ್ರಕ್ಕ ಯಾಕ ಕೇಳಬೇಕ್ರಿ?" ಎಂದಳು ಮದೀನಾಬಿ. ತಪ್ಪೇನಿಲ್ಲ ಅವಳ ಪ್ರಶ್ನೆ.

"ನಾ ಬರದದ್ದನ್ನ ಓದಿ, ನಾ ಅಂದಂಗ ನಡದು, ಅದೂ ಇನ್ನೂರ ಹದಿನಾಲ್ಕ ಅಂತ ಹೇಳಬೇಕು ಮದೀನಾ. ಒಂದ ಸಲ ಸಾಕು. ನನ್ನ ತಲ್ಯಾಗಿಂದು ಇನ್ನೊಂದು ತಲಿಗೆ ತಿಳೀತು ಅಂತ ಗೊತ್ತಾದ್ರ ಸಾಕು."

ಅದೇ ಹೊತ್ತಿಗೆ ಬೆರಳುಗಳು ಕೈಕೊಡತೊಡಗಿದವು. ಇಪ್ಪತ್ತು ವರ್ಷ ಒದ್ದೆ ಬೆತ್ತ ಜಗ್ಗಿ ಜಗ್ಗಿ ತುದಿಗಳು ಜಡ್ಡುಗಟ್ಟಿದ್ದವು. ಈಗ ಒಳಗಿನ ಸ್ಪರ್ಶವೇ ಆರುತ್ತ ಬಂತು. ಬ್ರೈಲ್ ಸಾಲಿನ ಮೇಲೆ ಬೆರಳಿಟ್ಟರೆ ಗೋಡೆಯ ಮೇಲಿಟ್ಟ ಹಾಗೆ. ಸರಕಾರಿ ಆಸ್ಪತ್ರೆಯ ಡಾಕ್ಟರು ಸೂಜಿ ಚುಚ್ಚಿ ನೋಡಿ, ಬೆತ್ತದ ಕೆಲಸ ಬಿಟ್ಟರೆ ಇದ್ದಷ್ಟಾದರೂ ಉಳಿದೀತು, ಇಲ್ಲವಾದರೆ ವರ್ಷದೊಳಗೆ ಪೂರಾ ಹೋಗುತ್ತದೆ ಎಂದರು. ಬಿಟ್ಟು ತಿನ್ನುವುದೇನು, ಮಣ್ಣೇ? ಆ ದಿನ ಬಸ್ಸಿನಲ್ಲಿ ಗೈಬುಸಾಬ ಎರಡೂ ಅಂಗೈ ತೊಡೆಯ ಮೇಲಿಟ್ಟುಕೊಂಡು, ಎರಡನೆಯ ಸಲ ಕುರುಡಾಗುವವನ ಹಾಗೆ ಕೂತಿದ್ದ. ಮೊದಲನೆಯ ಸಲ ನಾಲ್ಕು ವರ್ಷದವನು, ಏನೂ ತಿಳಿಯಲಿಲ್ಲ. ಈ ಸಲ ಎಲ್ಲ ತಿಳಿಯುತ್ತಿತ್ತು.

ಎಪ್ಪತ್ತಾರರ ಮೇ ತಿಂಗಳಿಗೆ ಮಾಸ್ತರರಿಗೆ ಮತ್ತೆ ಪುಣೆಯ ತರಬೇತಿ ಬಂತು. ಕೊನೆಯ ದಿನ ಕಾಲು ತಾಸು ಯಂತ್ರ ಅವರದು.

"ನಿನ್ನ ಪ್ರೋಗ್ರಾಮು ಕೊಡು, ಅಲ್ಲೇ ಕಾರ್ಡ ಕೊರೆಯೋ ಮಷಿನ್ ಮ್ಯಾಲ ಹುಡಿಗ್ಯಾರ ಕಡೆ ಹೊಡಸ್ತೀನಿ," ಎಂದರು.

"ಬ್ಯಾಡ್ರಿ ಮಾಸ್ತರ್ರ. ನನ್ನ ಕೈಲೇ ಕೊರೀತೀನಿ. ನನ್ನ ಕೈಬರಹನ ಅದು ಓದಬೇಕು."

ಹಟಮಾರಿ! ಆದರೆ ಬೆರಳು ಸಾಯುವ ಮೊದಲು ಆ ಬೆರಳಿನದೇ ಒಂದು ಕೆಲಸ ಆಗಲಿ ಎಂಬವನಿಗೆ ಬುದ್ಧಿ ಹೇಳುವವರು ಯಾರು? ಮಾಸ್ತರರು ಪುಣೆಯಿಂದ ತಂದು ತಮ್ಮಲ್ಲಿಟ್ಟುಕೊಂಡಿದ್ದ ಖಾಲಿ ಕಾರ್ಡುಗಳನ್ನೆಲ್ಲ ಕೊಟ್ಟರು. ಬಿಜಾಪುರದ ಗಾಂಧಿ ಚೌಕದ ಗಡಿಯಾರ ರಿಪೇರಿಯ ಇಸಾಕ ಕಾರ್ಡಿನಳತೆಗೆ ಹಿತ್ತಾಳೆಯ ಚೌಕಟ್ಟು ಮಾಡಿ, ಮನೆಗೊಂದು ಗುರುತು ಕೊರೆದು, ರಂಧ್ರ ಹೊಡೆಯಲು ಕಡ್ಡಿಯಷ್ಟು ದಪ್ಪದ ಚಾಣ ಮಾಡಿಕೊಟ್ಟ.

ಬ್ರೈಲ್ ಬರೆಯುವವರ ರೂಢಿ ತಿಳಿದಿರಬೇಕು. ಕಾಗದದ ಬೆನ್ನ ಮೇಲೆ ಬಲದಿಂದ ಎಡಕ್ಕೆ ಚುಚ್ಚುತ್ತಾರೆ. ಆಮೇಲೆ ಕಾಗದ ತಿರುವಿ, ಎಡದಿಂದ ಬಲಕ್ಕೆ ಓದುತ್ತಾರೆ. ಮೂವತ್ತು ವರ್ಷದ ಕೈ ಬೇರೆ ಥರ ಕೇಳುವುದಿಲ್ಲ. ಕಾರ್ಡಿನ ಒಂದು ಮುಖಕ್ಕೆ ಅಂಕಿಗಳ ಅಚ್ಚು, ಇನ್ನೊಂದು ಖಾಲಿ. ಎರಡೂ ಬೆರಳಿಗೆ ಒಂದೇ ನುಣುಪು, ಆ ಕಾರ್ಡುಗಳಿಗೆ ಮೂಲೆ ಕತ್ತರಿಸಿದ ಗುರುತೂ ಇರಲಿಲ್ಲ. ಅದಕ್ಕೇ ಮೊದಲ ದಿನವೇ ಹೆಂಡತಿಗೆ ಹೇಳಿದ: "ಖಾಲಿ ಮಗ್ಗಲ ಮ್ಯಾಲ ಬರೂವಂಗ ಚೌಕಟ್ಟಿನ್ಯಾಗ ಇಟ್ಟ ಕೊಡು." ಖಾಲಿ ಮುಖದಿಂದ ಬಲದಿಂದ ಎಡಕ್ಕೆ ಕೊರೆದರೆ, ಅಚ್ಚಿನ ಮುಖದಿಂದ ನೋಡುವವರಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಯಂತ್ರಕ್ಕೆ ಅಚ್ಚಿನ ಮುಖ ನೋಡಿಯೇ ಹಾಕುವುದು.

ಏಪ್ರಿಲ್ ಪೂರ್ತಿ ಟಕ್ ಟಕ್ ಎಂದು ಕೊರೆದ. ದಿನಕ್ಕೆ ಮೂರೇ ಕಾರ್ಡು, ಕೆಲವು ದಿನ ಒಂದೇ. ಕೊರೆದದ್ದನ್ನು ತಿರುವಿ ಹಿಡಿದು ಓದಿ ನೋಡಬೇಕು, ಬೆರಳಿಗೆ ರಂಧ್ರ ಸಿಗುತ್ತಿಲ್ಲ. ಸಿಟ್ಟಿಗೆ ಒಮ್ಮೆ ಬೆರಳನ್ನು ಕಟಕ್ಕೆಂದು ಕಚ್ಚಿಕೊಂಡ. ಆಗ ತುಟಿಗೆ ತಾಗಿದ ಕಾರ್ಡಿನ ರಂಧ್ರಗಳು ಒಂದೊಂದಾಗಿ ಸ್ಪಷ್ಟವಾಗಿ ತಿಳಿದವು. ಅಂದಿನಿಂದ ಕೆಳದುಟಿಯಿಂದ ಓದತೊಡಗಿದ. ಕಾರ್ಡಿನ ಅಂಚಿಗೆ ತುಟಿ ಹರಿದು ರಕ್ತ ಬರುತ್ತಿತ್ತು. ಮದೀನಾಬಿ ತುಪ್ಪ ಸವರಿ, ಕಣ್ಣೀರು ಒರೆಸಿಕೊಂಡು, ಮುಂದಿನ ಕಾರ್ಡು ಇಟ್ಟು ಕೊಡುತ್ತಿದ್ದಳು. ಅರವತ್ತೆರಡೂ ಕಾರ್ಡುಗಳನ್ನು ಅವನು ಮೂರು ಮೂರು ಸಲ ಓದಿದ. ಒಂದೂ ತಪ್ಪಿರಲಿಲ್ಲ. ಮಾಸ್ತರರು ಕಟ್ಟು ಒಯ್ದರು.

ಆ ಮೇ ತಿಂಗಳು ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಯಾವ ಬಸ್ಸು ನಿಂತರೂ ಕಿವಿ ಅತ್ತ.

ಜೂನ್ ಮೊದಲ ವಾರ, ಬುಧವಾರ ಮಧ್ಯಾಹ್ನ, ಮಾಸ್ತರರೇ ಬಿಸಿಲಲ್ಲಿ ಬೆವರುತ್ತ ಟಿಕೋಟಾಕ್ಕೆ ಬಂದರು. ಅವರು ಚಪ್ಪಲಿ ಬಿಟ್ಟ ಸಾವಕಾಶಕ್ಕೇ ಗೈಬುಸಾಬನಿಗೆ ಅರ್ಧ ತಿಳಿಯಿತು.

"ಆಗಲಿಲ್ಲಪಾ ಗೈಬುಸಾಬ. ಒಂದ ಕಾರ್ಡ ಸೈತ ತಗೋಲಿಲ್ಲ ಅದು. ಅರವತ್ತೆರಡಕ್ಕೂ ತಪ್ಪು ತಪ್ಪು ಅಂತ ಅಚ್ಚ ಹಾಕಿ ಒಗೀತು. ಕಾಲ ತಾಸು ಮುಗದ ಹೋತು. ಮ್ಯಾಲಿನ ಸಾಹೇಬ ಬಂದು ನನಗ ಬೈದ. ಕೈಲೇ ಕೊರದ ಕಾರ್ಡ ಇನ್ನ ಈ ಮಷಿನ್ ಹಂತೇಕ ತರಬ್ಯಾಡ್ರಿ, ಹೊರಗಿನವರ ಕೆಲಸಾನೂ ಬಂದ್ ಅಂದ." ಅದರ ಬೆನ್ನಿಗೇ, ತಮಗೆ ಕಾರವಾರಕ್ಕೆ ವರ್ಗವಾಗಿದೆ, ಸೋಮವಾರ ಹೊರಡಬೇಕು ಎಂದೂ ಹೇಳಿದರು. ಹೇಳಿ, ಕಟ್ಟಿನ ಮೇಲಿನ ಕಾರ್ಡು ತೆಗೆದು ಅವನ ಕೈಗಿತ್ತರು.

ಗೈಬುಸಾಬ ತುಟಿಗೆ ಹಚ್ಚಿದ. ಏನೇನೋ ಗೊಂದಲ. ತಿರುವಿ ಹಚ್ಚಿದ.

"ನೀವ ಬೋರಲ ಕೊಟ್ರಿ ಮಾಸ್ತರ್ರ. ಹಿಂಗ ಹಿಡದ್ರ ಸರಿ ಐತಿ ನೋಡ್ರಿ."

"ಹಂಗ ಹಿಡದ್ರ ಅಚ್ಚಿನ ಮುಖ ಕೆಳಗ ಹೋತಲ್ಲಪಾ. ಖಾಲಿ ಮಗ್ಗಲ ಮ್ಯಾಲ ಬಂತು."

"ಅದ್ಹ್ಯಾಂಗ್ರಿ? ಖಾಲಿ ಮಗ್ಗಲ ಮ್ಯಾಲ ಇಟ್ಟ..." ಎಂದವನು ಅಲ್ಲಿಗೇ ನಿಲ್ಲಿಸಿದ.

ಬಾಗಿಲಲ್ಲಿ ನಿಂತಿದ್ದ ಮದೀನಾಬಿಯ ಕೈಯಿಂದ ನೀರಿನ ತಂಬಿಗೆ ಬಿತ್ತು.

"ನಾನ ಇಟ್ಟೀನ್ರಿ ಹಂಗ," ಎಂದಳು. "ಅಕ್ಷರಾನ ಮಣ್ಣಿಗೆ ಮುಖ ಮಾಡಿ ಹ್ಯಾಂಗ ಇಡ್ಲಿ? ತೂತ ಹೊಡದ್ರ ಎರಡೂ ಕಡೆ ತೂತಾನ ಅಲ್ಲೇನು ಅಂದ್ಕೊಂಡೆ. ಅಕ್ಷರ ಮ್ಯಾಲ ಮಾಡಿನ ಇಟ್ಟೆ. ಅಕ್ಷರ ಬಾರದಾಕಿಗೆ ಅದರ ಭಯ ಹೆಚ್ಚ್ರಿ..."

ಅರವತ್ತೆರಡೂ ಕಾರ್ಡುಗಳು ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿದ್ದವು. ಮಾಸ್ತರರು ಹಣೆ ಹಣೆ ಬಡಿದುಕೊಂಡರು. "ಕಟ್ಟನ್ನ ಒಮ್ಮೆ ಬೋರಲ ಮಾಡಿ ಹಾಕಿದ್ರ ಆಗ್ತಿತ್ತಲ್ಲೋ! ಬರೇ ಒಮ್ಮೆ ತಿರುವಿದ್ರ! ನಾನೂ ನೋಡಲಿಲ್ಲ, ಅಲ್ಲಿದ್ದ ಕಣ್ಣಿದ್ದ ಕತ್ತೆಗೋಳಾಗ ಒಂದೂ ನೋಡಲಿಲ್ಲ!" ಗೈಬುಸಾಬ ಆ ಕಾರ್ಡನ್ನು ತಡಕಿ ಕಟ್ಟಿನ ಮೇಲಿಟ್ಟ.

ಹೋಗುವಾಗ ಮಾಸ್ತರರು ಒಂದು ಮಾತು ಕೊಟ್ಟರು. "ಭಾನುವಾರ ಬರ್ತೀನಿ. ನಾನ ಯಂತ್ರ ಆಗ್ತೀನಿ. ಕಾರ್ಡ ಏನ ಹೇಳ್ತೈತಿ ಅದನ್ನಷ್ಟ ಮಾಡ್ತೀನಿ, ನನ್ನ ಬುದ್ಧಿ ಒಂದಿಷ್ಟೂ ಹಾಕೂದಿಲ್ಲ. ಇನ್ನೂರ ಹದಿನಾಲ್ಕ ಬಂದ್ರ, ನಿನ್ನ ಪ್ರೋಗ್ರಾಮು ಸರಿ ಅಂತ ಎಲ್ಲಿ ಬೇಕಾದಲ್ಲಿ ಎದಿ ತಟ್ಟಿ ಹೇಳ್ತೀನಿ."

ಗೈಬುಸಾಬನಿಗೆ ಉಳಿದದ್ದು ಅದೊಂದೇ. ಯಂತ್ರ ಹೋಯಿತು, ಬೆರಳು ಹೋಗುತ್ತಿದೆ, ಮಾಸ್ತರರೂ ಹೋಗುತ್ತಾರೆ. ಒಬ್ಬ ಮನುಷ್ಯನಾದರೂ ಓದಿ ಹೌದೆಂದರೆ ಸಾಕು.

ಆದರೆ ಮನೆಯಲ್ಲಿ ಮದೀನಾಬಿ ಕುಸಿದು ಕೂತಿದ್ದಳು. ಬುಧವಾರದಿಂದ ಒಂದು ತುತ್ತು ಬಾಯಿಗಿಡಲಿಲ್ಲ. ಬೆತ್ತ ನೆನೆಹಾಕಲಿಲ್ಲ. ಗುರುವಾರ ಬಲಗೈಯನ್ನು ಒರಳಿಗೆ ಬಡಿದುಕೊಳ್ಳುವ ಸದ್ದು ಕೇಳಿ ಅವನು ತಡಕಿ ಹೋಗಿ ಹಿಡಿದುಕೊಂಡ. ಕೈ ಉಬ್ಬಿತ್ತು.

"ಬಿಡ ಬೇ, ಹುಚ್ಚಿ ಹಂಗ ಮಾಡಬ್ಯಾಡ. ಆಗಿದ್ದ ಆತು."

"ಕಣ್ಣಿದ್ದಾಕಿ ಅಂತ ನಂಬಿ ಕೊಟ್ರಿ. ಒಂದ ಮಾತ ಹೇಳಿದ್ರಿ, ಒಂದ. ಅದನ್ನೂ ಕೇಳಲಿಲ್ಲ ನಾ. ನಿಮ್ಮ ತುಟಿ ರಕ್ತ ಒರಸಿದ ಕೈ ಇದು, ಇದ ನಿಮ್ಮ ಬಾಳೇವ ಹಾಳ ಮಾಡ್ತು."

"ನಿಂದೇನೂ ತಪ್ಪಿಲ್ಲ."

"ನಂದಲ್ದ ಮತ್ತ್ಯಾರದು? ನೀವ ಹೇಳ್ರಿ, ಯಾರದು?"

ಬೈದು ನೋಡಿದ, ನಗಿಸಿ ನೋಡಿದ, ಅತ್ತೂ ನೋಡಿದ. ಶುಕ್ರವಾರ ಅವಳು ನಮಾಜಿಗೂ ಏಳಲಿಲ್ಲ. ಶನಿವಾರ ಮಾತೇ ನಿಂತಿತು. ಭಾನುವಾರ ಮಾಸ್ತರರು ಬಂದು ಇನ್ನೂರ ಹದಿನಾಲ್ಕು ಎಂದರೆ ಏನಾಗುತ್ತದೆ ಎಂದು ಗೈಬುಸಾಬ ಯೋಚಿಸಿದ. ಪ್ರೋಗ್ರಾಮು ಅಪ್ಪಟ ಸರಿ ಇತ್ತು, ಕೆಟ್ಟದ್ದು ಅವಳ ಕೈಯಿಂದಲೇ ಎಂದು ಮುದ್ರೆ ಒತ್ತಿದ ಹಾಗಾಗುತ್ತದೆ. ಅದನ್ನು ಅವಳು ಸಾಯುವತನಕ ಹೊರುತ್ತಾಳೆ. ಬಹಳ ದಿನ ಹೊರುವಂತೆಯೂ ಕಾಣಲಿಲ್ಲ.

ಶನಿವಾರ ಇಳಿಹೊತ್ತಿಗೆ ಅವಳನ್ನು ಒತ್ತಾಯ ಮಾಡಿ ಬಾವಿಗೆ ಕಳಿಸಿದ. ಕಟ್ಟು ಬಿಚ್ಚಿ ಹದಿನೇಳನೆಯ ಕಾರ್ಡು ಎಣಿಸಿ ತೆಗೆದ. ಕೆಳದುಟಿಯಿಂದ ಮನೆ ಮನೆ ಎಣಿಸುತ್ತ ಹೋಗಿ ಒಂದು ಕಡೆ ನಿಂತ. ಪ್ರತಿ ಗಂಟಿಗೆ ಮೂರು ಅಂಗುಲ ಬೆತ್ತ ಬಿಡು ಎನ್ನುವ ಆಜ್ಞೆ ಅದು, ಅದರ ಮೂರು ಎಂಬ ಅಂಕಿ. ಅಂಕಿಗೆ ಒಂದೇ ರಂಧ್ರ. ಅದೇ ಮನೆಯ ತಲೆಯಲ್ಲಿ ಇನ್ನೊಂದು ರಂಧ್ರ ಬಿದ್ದರೆ ಅದು ಅಂಕಿಯಾಗಿ ಉಳಿಯುವುದಿಲ್ಲ, ಅಕ್ಷರವಾಗಿಬಿಡುತ್ತದೆ. ಬೆರಳು ಸತ್ತವನಿಂದ ಆಗಬಹುದಾದ ತಪ್ಪೇ ಅದು. ಯಾರಿಗೂ ಸಂಶಯ ಬರುವುದಿಲ್ಲ.

ಚಾಣ ಹಿಡಿದು ಬಹಳ ಹೊತ್ತು ಕೂತಿದ್ದ. ಮೂರು ವರ್ಷದ ಭಾನುವಾರಗಳು, ಹರಿದ ತುಟಿ, ಅವನು ಹುಟ್ಟಿದ ಮೇಲೆ ಮಾಡಿದ ಒಂದೇ ಒಂದು ಪೂರ್ಣವಾದ ಕೆಲಸ. ಬಾವಿಯ ಕಡೆಯಿಂದ ಮದೀನಾಬಿಯ ಹೆಜ್ಜೆ ಕೇಳಿದಾಗ, ಟಕ್ ಎಂದು ಒಂದೇ ಏಟು ಹಾಕಿ, ಕಾರ್ಡನ್ನು ಅದರ ಜಾಗದಲ್ಲಿಟ್ಟು ಕಟ್ಟು ಕಟ್ಟಿದ.

ಭಾನುವಾರ ಮಾಸ್ತರರು ಬಂದು ಜಮಖಾನದ ಮೇಲೆ ಕೂತು, ಕಾಗದ ಪೆನ್ಸಿಲ್ ತೆಗೆದರು. ಮದೀನಾಬಿ ಒಳಬಾಗಿಲ ಹಿಂದೆ ಗೋಡೆಗೆ ಒರಗಿದ್ದಳು. ಮಾಸ್ತರರು ಒಂದೊಂದೇ ಕಾರ್ಡನ್ನು ತಿರುವಿ ಹಿಡಿದು ಗಟ್ಟಿಯಾಗಿ ಓದುತ್ತ, ಅದು ಹೇಳಿದ್ದನ್ನು ಮಾಡುತ್ತ ಹೋದರು. ಮುಂದಿನ ಪಟ್ಟಿ ಇಪ್ಪತ್ತೇಳು, ತಗೊಂಡೆ. ಹಿಂದಿನದು ಇಪ್ಪತ್ತೊಂದು, ತಗೊಂಡೆ. ಕೂಡಿ ಎರಡರಿಂದ ಭಾಗಿಸು, ಭಾಗಿಸಿದೆ. ಗೈಬುಸಾಬ ಮುಂದಕ್ಕೆ ಬಾಗಿದ. ತನ್ನ ತಲೆಯೊಳಗಿನ ಮಾತು ಇನ್ನೊಬ್ಬರ ಬಾಯಲ್ಲಿ ನಡೆಯುವುದನ್ನು ಅವನು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದ. ಎಂಟು, ಒಂಬತ್ತು, ಹತ್ತು. "ಭಲೇ! ಭಾರಿ ಕಟ್ಟೀಯಲ್ಲೋ!" ಎಂದರು ಮಾಸ್ತರರು. ಹದಿಮೂರು. ಹದಿನಾಲ್ಕು. ಇಲ್ಲಿಗೇ ನಿಲ್ಲಲಿ, ಇಲ್ಲಿಗೇ ಹೊತ್ತು ನಿಲ್ಲಲಿ ಎಂದು ಅವನ ಜೀವ ಚೀರುತ್ತಿತ್ತು. ಹದಿನಾರು.

ಹದಿನೇಳನೆಯದಕ್ಕೆ ಮಾಸ್ತರರು ಪೆನ್ಸಿಲ್ ಕೆಳಗಿಟ್ಟರು. ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು.

"ಇಲ್ಲೊಂದ ತೂತ ಹೆಚ್ಚ ಬಿದ್ದೈತಲ್ಲಪಾ. ಅಂಕಿ ಹೋಗಿ ಅಕ್ಷರ ಆಗೇತಿ." ಅವರ ದನಿ ಇಳಿಯಿತು. "ಹೋಗ್ಲಿ ಬಿಡು, ಮೂರ ಅಂತ ತಿಳದ ಮುಂದ ಹೋಗ್ತೀನಿ."

"ಯಂತ್ರ ಹಂಗ ತಿಳಕೊಂಡ ಮುಂದ ಹೋಗ್ತಿತ್ತೇನ್ರಿ?"

"ಇಲ್ಲ."

"ಹಂಗಾದ್ರ ನೀವೂ ಹೋಗಬ್ಯಾಡ್ರಿ."

ಒಳಬಾಗಿಲ ಹಿಂದೆ ಬಳೆಯ ಸದ್ದಾಯಿತು. ನಾಲ್ಕು ದಿನದ ಉಪವಾಸದ ದನಿಯಲ್ಲಿ ಮದೀನಾಬಿ ಕೇಳಿದಳು: "ಅಂದ್ರ ಮಾಸ್ತರ್ರ, ನಾ ಸರಿಯಾಗಿ ಇಟ್ಟ ಕೊಟ್ಟಿದ್ರೂ ಓಡ್ತಿದ್ದಿಲ್ಲೇನ್ರಿ ಅದು?"

"ಇಲ್ಲ ತಂಗಿ, ಹ್ಯಾಂಗ ಇಟ್ಟಿದ್ರೂ ಓಡ್ತಿದ್ದಿಲ್ಲ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಳುವುದು ಕೇಳಿಸಿತು. ಆಮೇಲೆ ಒಲೆಯ ಹತ್ತಿರ ಹೋದಳು. ಬುಟ್ಟಿಯಿಂದ ರೊಟ್ಟಿ ತೆಗೆದು ಮುರಿಯುವ ಸದ್ದು, ನೀರು ಕುಡಿಯುವ ಸದ್ದು. ಗೈಬುಸಾಬ ಅದನ್ನೇ ಕೇಳುತ್ತ ಕೂತ.

ಮಾಸ್ತರರು ಓದದೆ ಉಳಿದ ನಲವತ್ತೈದು ಕಾರ್ಡುಗಳನ್ನು ಸರಿಯಾಗಿ ಜೋಡಿಸಿ, ದಾರ ಸುತ್ತಿ, ಅವನ ತೊಡೆಯ ಮೇಲಿಟ್ಟರು. ಏಳುವಾಗ ಅವನ ಭುಜದ ಮೇಲೆ ಕೈಯಿಟ್ಟು, "ಬ್ಯಾಸರ ಮಾಡ್ಕೋಬ್ಯಾಡ ಗೈಬುಸಾಬ. ಕಣ್ಣಿದ್ದವ್ರೂ ಇಂಥಾ ತಪ್ಪ ಮಾಡ್ತಾರ. ನೀ ಇಷ್ಟರ ತನಕ ಬಂದದ್ದ ದೊಡ್ಡದು," ಎಂದರು. ಆ ದನಿಯಲ್ಲಿ ಬರೀ ಕನಿಕರವಿತ್ತು.

"ಹೌದ್ರಿ ಮಾಸ್ತರ್ರ," ಎಂದ ಗೈಬುಸಾಬ, "ತಪ್ಪ ನಂದ ಐತಿ."